ಅಕ್ಕ ಎರಡನೇ ಸಲ ಕೇಳುವವಳಲ್ಲ

ಅಕ್ಕ ಹೇಳಿದ್ದನ್ನು ನಾನು ಕೇಳಲಿಲ್ಲ. ಜಗಲಿಯಲ್ಲಿ ಅವಳ ಎದುರಿಗೇ ಕೂತಿದ್ದೆ. ಕಿವಿ ಸರಿಯಿತ್ತು. ಎರಡು ಸಲ "ಹ್ಞೂಂ" ಎಂದೂ ಹೇಳಿದ್ದೆ. ಆದರೂ ಕೇಳಲಿಲ್ಲ. ಆಮೇಲೆ, ಕೇಳಲಿಲ್ಲ ಎಂದು ಒಪ್ಪಿಕೊಳ್ಳಲೂ ಇಲ್ಲ. ಮೊದಲನೆಯ ತಪ್ಪಿಗೆ ಅವಳ ಒಂದು ಕಣ್ಣು ಹೋಯಿತು. ಎರಡನೆಯದಕ್ಕೆ ಅವಳ ಹೆಸರು ಕೆಟ್ಟಿತು. ಇದನ್ನು ಬರೆಯಲು ಕೂತರೆ ನನ್ನ ಮೇಲೆ ನನಗೇ ವಾಕರಿಕೆ ಬರುತ್ತದೆ. ಬರಲಿ ಎಂದೇ ಬರೆಯುತ್ತಿದ್ದೇನೆ.

ನಾವು ಹೆಮ್ಮಾಡಿಯವರು. ನಾನು ಗಂಗೊಳ್ಳಿ ಬಂದರಿಗೆ ಐಸ್ ಸಾಗಿಸುವ ಗೂಡ್ಸ್ ರಿಕ್ಷಾ ಓಡಿಸುತ್ತೇನೆ. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಮದುವೆಯಾದ ನಾಲ್ಕನೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ಒಂದು ಟ್ರಂಕು ಹಿಡಿದು ಮನೆಗೆ ವಾಪಸು ಬಂದಳು. ಬಂದ ವಾರದಲ್ಲೇ ಗೇರುಬೀಜದ ಕಾರ್ಖಾನೆಗೆ ಸೇರಿದಳು. ಅಳುವುದಕ್ಕೆ ಪುರುಸೊತ್ತು ಮಾಡಿಕೊಂಡದ್ದನ್ನು ನಾನು ನೋಡಿಲ್ಲ.

ಕಾರ್ಖಾನೆಯಲ್ಲಿ ಅವಳದು ಬೀಜ ಆರಿಸುವ ಮೇಜು. ಸಿಪ್ಪೆ ತೆಗೆದ ಬೀಜಗಳ ರಾಶಿಯಲ್ಲಿ ಇಡಿಯದು ಒಂದು ಕಡೆ, ಹೋಳು ಒಂದು ಕಡೆ, ಸುಟ್ಟದ್ದು, ಹುಳ ಹಿಡಿದದ್ದು, ಸಾಸಿವೆಯಷ್ಟು ಕಲೆ ಇದ್ದದ್ದು ಮತ್ತೊಂದು ಕಡೆ. ನಮ್ಮ ಕಣ್ಣಿಗೆ ಎಲ್ಲವೂ ಬೆಳ್ಳಗೆ ಒಂದೇ. ಅವಳಿಗೆ ಬಿಳಿಯಲ್ಲಿ ನಾಲ್ಕು ಬಿಳಿ ಕಾಣುತ್ತಿತ್ತು. ಹೊಸದಾಗಿ ಸೇರಿದ ಹುಡುಗಿಯರನ್ನು ಅವಳ ಪಕ್ಕದಲ್ಲೇ ಕೂರಿಸುತ್ತಿದ್ದರಂತೆ. ಅವರಿಗೆ ಅವಳು ಹೇಳುತ್ತಿದ್ದ ಮೊದಲ ಪಾಠ, "ಬೀಜ ಕಾಂಬುಕೆ ಕಣ್ಣ್ ಸಾಲುದಿಲ್ಲ ಹೆಣೆ, ಗ್ಯಾನ ಬೇಕ್."

ಗ್ಯಾನ ಅಂದರೆ ನಮ್ಮ ಕಡೆ ಗಮನವೂ ಹೌದು, ನೆನಪೂ ಹೌದು, ಎಚ್ಚರವೂ ಹೌದು. ಮೂರಕ್ಕೂ ಒಂದೇ ಮಾತು. ಅಕ್ಕನಿಗೆ ಆ ಮಾತೆಂದರೆ ದೇವರ ಸಮಾನ.

ಅವಳಿಗೊಂದು ಅಭ್ಯಾಸವಿತ್ತು. ಯಾರಾದರೂ ಮಾತಾಡಿಸಿದರೆ ಕೈಯಲ್ಲಿದ್ದುದನ್ನು ಕೆಳಗಿಡುತ್ತಿದ್ದಳು. ಕತ್ತಿಯಾದರೆ ಕತ್ತಿ, ಪೊರಕೆಯಾದರೆ ಪೊರಕೆ. ಕೆಳಗಿಟ್ಟು, ಮಾತಾಡುವವರ ಮುಖ ನೋಡಿ, "ಹೇಳ್" ಎನ್ನುವಳು. ಮೀನು ಮಾರುವವಳು ಬಂದು ಸುಮ್ಮನೆ "ಎಂತ ಅಕ್ಕ, ಸೆಖೆ ಅಲ್ದಾ" ಎಂದರೂ ಹಾಗೇ. ನನ್ನ ಹೆಂಡತಿಗೆ ಇದರಿಂದ ತಲೆಬಿಸಿ. "ನಿಮ್ಮ್ ಅಕ್ಕನ್ ಹತ್ರ ಒಂದ್ ಮಾತ್ ಹೇಳ್ರೆ ಮನಿ ಕೆಲ್ಸ ಎಲ್ಲ ನಿಂತ್ ಹೋತ್ತ್ ಮಾರ್ರೆ. ಬಂಗುಡಿ ಅರ್ಧ ಕೊಯ್ದ್ ಇಟ್ಟಿರ್, ಬೆಕ್ಕ್ ಬಂದ್ ಕೂಕಂಡಿತ್ತ್!" ಎಂದು ನಗುತ್ತ ದೂರುತ್ತಿದ್ದಳು. ಅಕ್ಕ ಬೆಕ್ಕನ್ನು ಓಡಿಸಿ, "ನೀನ್ ಮಾತಾಡ್ದ್ ಹೆಚ್ಚಾ, ಬಂಗುಡಿ ಹೆಚ್ಚಾ?" ಎಂದು ತಿರುಗಿ ಕೇಳುವಳು. ಹೆಂಡತಿ, "ಬಂಗುಡಿಯೇ ಹೆಚ್ಚ್ ಅತ್ತಿಗೆ" ಎನ್ನುವಳು. ಇಬ್ಬರೂ ನಗುವರು.

ಇನ್ನೊಂದು ಅಭ್ಯಾಸ, ಅವಳು ಸುಲಭಕ್ಕೆ "ಹ್ಞೂಂ" ಅನ್ನುತ್ತಿರಲಿಲ್ಲ. ಮದುವೆಗೆ ಕರೆದರೆ, ಸಂಘದ ಮೀಟಿಂಗಿಗೆ ಕರೆದರೆ, ಅರ್ಧ ದಿನ ಹೆಚ್ಚಿಗೆ ಕೆಲಸಕ್ಕೆ ಬಾ ಎಂದರೆ, "ಕಾಂಬ" ಎನ್ನುವಳು, ನೋಡೋಣ ಅಂತ. ಕರೆದವರಿಗೆ ಇವಳಿಗೆಷ್ಟು ಅಹಂಕಾರ ಅನಿಸುತ್ತಿತ್ತು. ಆದರೆ ಒಮ್ಮೆ "ಹ್ಞೂಂ" ಅಂದಳೋ, ಮುಗಿಯಿತು. ಒಂದು ಸಲ ಕಿರಿಮಂಜೇಶ್ವರದ ಗೆಳತಿಯ ಮಗಳ ಸೀಮಂತಕ್ಕೆ ಬರುತ್ತೇನೆಂದಿದ್ದಳು. ಆ ದಿನ ಮೈ ಕೆಂಡವಾಗಿತ್ತು. ಬಸ್ಸಿನಲ್ಲಿ ಸೀಟು ಸಿಗದೆ ನಿಂತೇ ಹೋಗಿ, ಬಳೆ ತೊಡಿಸಿ, ಊಟ ಮಾಡದೆ ವಾಪಸು ಬಂದು ಚಾಪೆಯ ಮೇಲೆ ಬಿದ್ದುಕೊಂಡಳು. "ಫೋನ್ ಮಾಡಿ ಹೇಳ್ರೆ ಆತಿತ್ತಿಲ್ಲ್ಯಾ?" ಎಂದು ನಾನು ಬೈದೆ.

"ಹ್ಞೂಂ ಅಂದಿದ್ದೆ ಅಲ್ದಾ" ಎಂದಳು. ಅಷ್ಟೇ.

ಹಾಗೆಯೇ, ತನಗೆ ಯಾರಾದರೂ "ಹ್ಞೂಂ" ಎಂದರೆ ಅದನ್ನೂ ಪೂರ್ತಿ ನಂಬುತ್ತಿದ್ದಳು. ಎರಡನೇ ಸಲ ಕೇಳುತ್ತಿರಲಿಲ್ಲ. ನೆನಪು ಮಾಡುತ್ತಿರಲಿಲ್ಲ. ನೆನಪು ಮಾಡಿದರೆ ಎದುರಿನವರು ಸುಳ್ಳುಗಾರರು ಎಂದ ಹಾಗಾಗುತ್ತದೆ ಎಂಬುದು ಅವಳ ತಿಳಿವಳಿಕೆ. ಎರಡನೇ ಸಲ ಕೇಳುವುದು ಬೇಡುವುದಕ್ಕೆ ಸಮ ಅಂತಲೂ ಒಮ್ಮೆ ಹೇಳಿದ್ದಳು.

ನಾನು ಚಿಕ್ಕವನಿದ್ದಾಗ ಅಂಗಳದಲ್ಲಿ ಒಣಗಲು ಹರವಿದ ಸಿಗಡಿಯನ್ನು ಕಾಗೆಯಿಂದ ಕಾಯಲು ಕೂರಿಸಿ ಹೋಗಿದ್ದಳು. ನಾನು ಇರುವೆಗಳು ಒಂದು ಸತ್ತ ಜಿರಲೆಯನ್ನು ಎಳೆದುಕೊಂಡು ಹೋಗುವುದನ್ನು ನೋಡುತ್ತ ಕೂತೆ. ಕಾಗೆಗಳು ಚಾಪೆ ಖಾಲಿ ಮಾಡಿದವು. ಅವಳು ಬಂದು ಕೇಳಿದಾಗ, "ಮರ್ತ್ ಹೋಯ್ತ್ ಅಕ್ಕ" ಎಂದೆ. ಹೊಡೆಯಲಿಲ್ಲ. "ಅದ್ ತಾನಾಗೇ ಹೋಯ್ಲ. ನೀನ್ ಬಿಟ್ಟದ್" ಎಂದಳು. ಆಗ ನನಗೆ ಆ ಮಾತಿನ ವ್ಯತ್ಯಾಸ ಗೊತ್ತಾಗಲಿಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ವ್ಯಾಕರಣ ಕಲಿತದ್ದೆಂದರೆ ಅಷ್ಟೇ, ಅದೂ ಅಂಗಳದಲ್ಲಿ.

ಈಗ ಆ ಇಂಗ್ಲಿಷ್ ಮಾತಿನ ವಿಷಯಕ್ಕೆ ಬರುತ್ತೇನೆ.

ನನ್ನ ಮಗಳು ಕುಂದಾಪುರದಲ್ಲಿ ಪಿಯುಸಿಗೆ ಸೇರಿದ ವರ್ಷ, ಓದುವ ಮೇಜಿನ ಮೇಲಿನ ಗೋಡೆಗೆ ಒಂದು ಹಾಳೆ ಅಂಟಿಸಿದಳು. ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಅಕ್ಕ ಗುಡಿಸುತ್ತಿದ್ದವಳು ಪೊರಕೆ ಕೆಳಗಿಟ್ಟು ಕೇಳಿದಳು, "ಎಂತ ಬರ್ದದ್ದ್ ಮಗಾ ಅದ್?"

"ನೋ ಡಿಸ್ಟ್ರಾಕ್ಷನ್ ಅಂದೇಳಿ ಅತ್ತೆ."

"ಅಂದ್ರೆ?"

"ಓದುವತ್ತಿಗೆ ಮನ್ಸ್ ಬೇರೆ ಕಡಿಗ್ ಹೋಪುದಕ್ಕೆ ಡಿಸ್ಟ್ರಾಕ್ಷನ್ ಅಂತ್ರ್. ಹಾಂಗ್ ಆಪುಕಾಗ ಅಂದೇಳಿ ಬರ್ದದ್ದ್."

"ಗ್ಯಾನ ಇಲ್ದಿಪ್ಪುದಾ? ಅದಕ್ಕ್ ಇಷ್ಟ್ ದೊಡ್ಡ್ ಹೆಸ್ರಾ!" ಅಕ್ಕ ನಕ್ಕಳು.

ಮಗಳು ಸೋಲಲಿಲ್ಲ. ಆ ಮಾತಿನ ಬೇರಿನ ಅರ್ಥ ಎಳೆದು ಬೇರೆ ಮಾಡುವುದು ಅಂತೆ, ಅವರ ಮೇಷ್ಟ್ರು ಹೇಳಿದ್ದರಂತೆ. ಮನಸ್ಸನ್ನು ಯಾರೋ ಹಿಡಿದು ಆ ಕಡೆಗೆ ಎಳೆದ ಹಾಗೆ. ಅಕ್ಕ, "ಯಾರ್ ಎಳುದ್? ಕೈ ಹಿಡ್ಕಂಡ್ ಎಳಿತ್ರಾ? ತಾನೇ ಓಡುದಲ್ದಾ?" ಎಂದಳು. ಮಗಳು, "ಅತ್ತೆ, ನೀವೀಗ ನಂಗ್ ಡಿಸ್ಟ್ರಾಕ್ಷನ್!" ಎಂದಳು. ಅಕ್ಕ ಬಾಯಿಗೆ ಕೈ ಇಟ್ಟುಕೊಂಡು, ಪೊರಕೆ ಎತ್ತಿಕೊಂಡು ಹೊರಗೆ ಬಂದಳು.

ಒಮ್ಮೆ ಕಿವಿಗೆ ಬಿದ್ದ ಮೇಲೆ ಆ ಮಾತು ಎಲ್ಲ ಕಡೆಯೂ ಕೇಳತೊಡಗಿತು. ಹೆದ್ದಾರಿಯಲ್ಲಿ ಸ್ಕೂಟರು ಡಿವೈಡರಿಗೆ ಗುದ್ದಿದವನು, ಸುತ್ತ ನೆರೆದವರಿಗೆ "ಚೂರ್ ಡಿಸ್ಟ್ರಾಕ್ಷನ್ ಆಯ್ತ್ ಮಾರ್ರೆ" ಎಂದ. ಅವನ ಕೈಯಲ್ಲಿ ಮೊಬೈಲು ಇನ್ನೂ ಮಾತಾಡುತ್ತಲೇ ಇತ್ತು. ಬಂದರಿನಲ್ಲಿ ಬೋಟು ಬರುವ ತನಕ ಮೊಬೈಲಿನಲ್ಲಿ ಇಸ್ಪೀಟು ಆಡುತ್ತ ಕೂರುವ ನನ್ನ ದೋಸ್ತಿ, "ಮನ್ಸಿಗ್ ಒಂದ್ ಡಿಸ್ಟ್ರಾಕ್ಷನ್ ಬೇಕಲ್ದಾ, ಇಲ್ದಿರೆ ಮಂಡೆ ಒಡ್ದ್ ಹೋತ್ತ್" ಎಂದ. ಒಬ್ಬನಿಗೆ ಅದು ರೋಗ, ಇನ್ನೊಬ್ಬನಿಗೆ ಅದೇ ಮದ್ದು. ಇಬ್ಬರೂ ಆ ಮಾತು ಆಡಿದಾಗ ಅವರ ಮುಖದಲ್ಲಿ ಒಂದು ಸಮಾಧಾನ ಕಾಣುತ್ತಿತ್ತು. ನಮ್ಮ ಭಾಷೆಯಲ್ಲಿ "ನಿಂಗ್ ಗ್ಯಾನ ಇಲ್ಯಾ?" ಎಂದರೆ ಬೈಗುಳ. ಡಿಸ್ಟ್ರಾಕ್ಷನ್ ಆಯಿತು ಎಂದರೆ ಮಳೆ ಬಂತು ಎಂದ ಹಾಗೆ. ಯಾರದೂ ತಪ್ಪಿಲ್ಲ. ನನಗೂ ಆ ಮಾತು ಬಹಳ ಹಿತವಾಯಿತು. ಅದರ ಹಿಂದೆ ನಾನೂ ಆರು ವರ್ಷ ಅಡಗಿ ಕೂತೆ.

ಆ ಸಂಜೆ ಹೀಗೆ. ನಾನು ಕೆಲಸ ಮುಗಿಸಿ, ಕೈಕಾಲು ತೊಳೆದು, ಜಗಲಿಯಲ್ಲಿ ಗೋಡೆಗೆ ಒರಗಿ ಮೊಬೈಲು ಹಿಡಿದು ಕೂತಿದ್ದೆ. ಯಾವುದೋ ದೇಶದಲ್ಲಿ ಒಬ್ಬ ಕೊಳಕು ರತ್ನಗಂಬಳಿ ತೊಳೆಯುವ ವೀಡಿಯೊ ನೋಡುತ್ತಿದ್ದೆ. ನೀರು ಹಾಯಿಸುತ್ತಾನೆ, ಉಜ್ಜುತ್ತಾನೆ, ಒತ್ತುತ್ತಾನೆ, ಕಪ್ಪು ನೀರು ಹರಿಯುತ್ತದೆ. ಮತ್ತೆ ಹಾಯಿಸುತ್ತಾನೆ, ಮತ್ತೆ ಕಪ್ಪು. ನಮ್ಮ ಮನೆಯಲ್ಲಿ ರತ್ನಗಂಬಳಿ ಇಲ್ಲ. ಅಂಥದ್ದನ್ನು ತೊಳೆಯುವ ಕೆಲಸ ನನಗೆ ಈ ಜನ್ಮದಲ್ಲಿ ಬರುವುದಿಲ್ಲ. ಆದರೂ ಯಾರದೋ ಮನೆಯ ಕೊಳೆ ಹೋಗುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಮೀನಿನ ಲೋಳೆ ಮೆತ್ತಿದ ಗಾಜಿನ ಮೇಲೆ ಹೆಬ್ಬೆರಳು ಜಾರುತ್ತಿತ್ತು. ಆ ಕಂಬಳಿಯ ಅಂಚಿನಲ್ಲಿ ನೀಲಿ ಹೂವಿತ್ತು. ಅದು ನನಗೆ ಇವತ್ತಿಗೂ ನೆನಪಿದೆ. ಇದಕ್ಕಿಂತ ಹೇಸಿಗೆಯ ಸಂಗತಿ ನನ್ನ ಬದುಕಿನಲ್ಲಿ ಬೇರೆ ಇಲ್ಲ.

ಅಕ್ಕ ಕಾರ್ಖಾನೆಯಿಂದ ಬಂದು ಎದುರಿಗೆ ಕೂತು ಏನೋ ಹೇಳಿದಳು. ನಾನು "ಹ್ಞೂಂ" ಎಂದೆ. ಮತ್ತೇನೋ ಕೇಳಿದಳು. "ಹ್ಞೂಂ" ಎಂದೆ. ಅವಳು ಎದ್ದು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಗಾಡಿ ಹೊರಡಿಸಲು ಬಂದರೆ ಅಕ್ಕ ಜಗಲಿಯಲ್ಲಿ ಕೂತಿದ್ದಾಳೆ. ಮದುವೆಮನೆಗೆ ಉಡುವ ಹಸಿರು ಸೀರೆ. ತಲೆ ಬಾಚಿ ಹೂ ಮುಡಿದಿದ್ದಾಳೆ. ತೊಡೆಯ ಮೇಲೆ ಬ್ಯಾಗು, ಪಕ್ಕದಲ್ಲಿ ಕೊಡೆ. ಕೆಲಸಕ್ಕೆ ಹೋಗುವ ವೇಷವಲ್ಲ. ನಾನು ಕೇಳಿದೆ:

"ಎಲ್ಲ್ ಹೊರ್ಟದ್ ಅಕ್ಕ, ಇಷ್ಟ್ ಬೆಳಿಗ್ಗೆ?"

ಅವಳು ನನ್ನ ಮುಖವನ್ನೇ ನೋಡಿದಳು. ತುಸು ತಲೆ ವಾಲಿಸಿಕೊಂಡು ನೋಡಿದಳು. ಯಾಕೆ ವಾಲಿಸಿದಳೆಂದು ಆಗ ನನಗೆ ಹೊಳೆಯಲಿಲ್ಲ.

"ಎಲ್ಲೂ ಇಲ್ಲ. ನೀ ಹೋಯ್ ಬಾ" ಎಂದಳು.

ನಾನು ಹೋದೆ. ಐಸಿನ ಬ್ಲಾಕುಗಳನ್ನು ತುಂಬಿಸುವಾಗ ಒಮ್ಮೆ, ಕೆಲಸದ ದಿನ ಹಸಿರು ಸೀರೆ ಉಟ್ಟು ಯಾಕೆ ಕೂತಿದ್ದಳು ಅಂತ ಅನಿಸಿತು. ಆಮೇಲೆ ಬೋಟುಗಳು ಬಂದವು.

ಐದನೇ ದಿನ ಮಗಳು ಗಮನಿಸಿದಳು. ಅತ್ತೆ ಲೋಟದ ಹೊರಗೆ ನೀರು ಹೊಯ್ಯುತ್ತಿದ್ದಾಳೆ. ಬಾಗಿಲ ಚೌಕಟ್ಟಿಗೆ ಭುಜ ತಾಗಿಸುತ್ತಿದ್ದಾಳೆ. ಎಡಗಣ್ಣಿನ ಎದುರು ಕೈ ಆಡಿಸಿದರೆ ಗೊತ್ತಾಗುತ್ತಿಲ್ಲ. ಅದೇ ದಿನ ಬ್ರಹ್ಮಾವರದ ಆಚೆ ಒಂದು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆವು. ಕಣ್ಣಿನ ಒಳಗೊಂದು ಪರದೆ ಇರುತ್ತದಂತೆ, ಅದು ಪೂರ್ತಿ ಕಳಚಿಕೊಂಡಿತ್ತು. ಡಾಕ್ಟರು ಕೇಳಿದರು, "ಮೊದಲು ಮಿಂಚಿದ ಹಾಗೆ, ಸೊಳ್ಳೆ ಹಾರಿದ ಹಾಗೆ ಆಗಿರಬೇಕಲ್ಲಮ್ಮ? ಬದಿಯಿಂದ ನೆರಳು ಬಂದಿರಬೇಕು. ಆಗಲೇ ಬಂದಿದ್ದರೆ ಉಳಿಸಬಹುದಿತ್ತು, ಈಗ ಆಪರೇಷನ್ ಮಾಡಿದರೂ ನೋಟ ಬರುವುದಿಲ್ಲ. ಮನೆಯಲ್ಲಿ ಯಾರಿಗೂ ಹೇಳಲಿಲ್ಲವೇ?"

ಆಗ ನನ್ನ ಕಿವಿಯೊಳಗೆ ಆ ಸಂಜೆಯ ಮಾತು ಪೂರ್ತಿಯಾಗಿ ಎದ್ದು ಬಂತು. ಅಷ್ಟು ದಿನ ಎಲ್ಲಿ ಬಿದ್ದುಕೊಂಡಿತ್ತೋ ಗೊತ್ತಿಲ್ಲ. ಅವಳ ಸ್ವರದಲ್ಲೇ ಬಂತು.

"ತಮ್ಮ, ನನ್ ಎಡ್ಗಣ್ಣಗೆ ಎಂತದೋ ಮಿಂಚಿದಾಂಗ್ ಆತ್ತ್. ಬದಿಂದ ಸೆರ್ಗ್ ಬಿದ್ದಾಂಗೆ. ನಾಳಿಕ್ ರಜೆ ಹಾಕಿ ಬಂದಿದ್ದೆ. ಡಾಕ್ಟ್ರ ಹತ್ರ ಕರ್ಕಂಡ್ ಹೋತ್ಯಾ?"

"ಹ್ಞೂಂ."

"ಬೆಳಿಗ್ಗಿಯೇ ಹೊರ್ಡುದಾ?"

"ಹ್ಞೂಂ."

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಉತ್ತರ ಕೊಟ್ಟಳು. "ಇಲ್ಲ ಡಾಕ್ಟ್ರೆ. ನಾನೇ ಯಾರಿಗೂ ಹೇಳ್ಲ. ನಂಗೇ ಗ್ಯಾನ ಆಯ್ಲ."

ಗ್ಯಾನ ಆಗಲಿಲ್ಲ ಎಂದು ಅವಳು ತನ್ನ ಬಗ್ಗೆ ಹೇಳಿಕೊಂಡದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮಗಳು ಪಕ್ಕದಲ್ಲಿ ನಿಂತಿದ್ದಳು. ನಾನು ಆಗ ಹೇಳಬೇಕಿತ್ತು. ಹೇಳಲಿಲ್ಲ. ಹೇಳದೆ ಇದ್ದುದಷ್ಟೇ ಅಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ, ಮಗಳ ಎದುರಿಗೆ, ಅಕ್ಕನನ್ನೇ ಬೈದೆ. "ಬಾಯಿ ಇತ್ತಲ್ದಾ ನಿಂಗ್? ಒಂದ್ ಮಾತ್ ಹೇಳುಕ್ ಎಂತ ಆತಿತ್ತ್?"

ಅವಳು ಕಿಟಕಿಯ ಹೊರಗೆ ನೋಡುತ್ತ "ಹ್ಞೂಂ" ಎಂದಳು.

ಒಬ್ಬಳೇ ಹೋಗಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಹೋಗಬಹುದಿತ್ತು. ಆದರೆ ಕುಂದಾಪುರ ದಾಟಿ ಅವಳು ಒಬ್ಬಳೇ ಹೋದವಳಲ್ಲ. ಅರ್ಧ ಕಣ್ಣಿಗೆ ಸೆರಗು ಬಿದ್ದಾಗ ಹೆದ್ದಾರಿ ದಾಟಿ, ಬಸ್ಸಿನ ಬೋರ್ಡು ಓದಿ, ಆಸ್ಪತ್ರೆಯ ಚೀಟಿ ಬರೆಸುವುದು ಹೇಗೆ? ಮತ್ತೊಮ್ಮೆ ಕೇಳಬಹುದಿತ್ತು ಎನ್ನುವವರೂ ಇದ್ದಾರೆ. ನಾನೂ ಬಹಳ ದಿನ ಹಾಗೇ ಅಂದುಕೊಂಡು ಹಾಯಾಗಿದ್ದೆ. ಹೆಂಡತಿಗೋ ಮಗಳಿಗೋ ಹೇಳಿದರೆ, ತಮ್ಮ ಮಾತು ತಪ್ಪಿದ ಎಂದು ದೂರಿದ ಹಾಗೆ. ಎಲ್ಲಿ ಹೊರಟದ್ದು ಎಂದು ಅವಳನ್ನೇ ಕೇಳಿದ ತಮ್ಮನ ಹತ್ತಿರ ಇನ್ನೊಂದು ಸಲ ಕೇಳುವುದು ಹೇಗೆ?

ಒಂದೇ ಕಣ್ಣಿನಲ್ಲಿ ಅವಳು ಮತ್ತೆ ಕಾರ್ಖಾನೆಗೆ ಹೋದಳು. ಆರಿಸುವ ಮೇಜಿನಲ್ಲಿ ಸಾಗಲಿಲ್ಲ. ಹೋಳು ಇಡಿಯದರ ರಾಶಿಗೆ ಬಿತ್ತು. ಎರಡು ತಿಂಗಳಿಗೆ ಅವಳನ್ನು ಸಿಪ್ಪೆ ಗುಡಿಸಿ ಗೋಣಿಗೆ ತುಂಬುವ ಕೆಲಸಕ್ಕೆ ಹಾಕಿದರು. ಗೇರು ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ. ಅಷ್ಟು ವರ್ಷ ಬೀಜದ ಹಾಗೆ ಬೆಳ್ಳಗಿದ್ದ ಬೆರಳುಗಳು ಕಪ್ಪಾದವು, ಒಡೆದವು. ಊಟಕ್ಕೆ ಕೂತಾಗ ಬೆರಳು ಕಾಣದ ಹಾಗೆ ಗೋಡೆಯ ಕಡೆ ತಿರುಗಿ ತಿನ್ನುವಳು. ಒಂದು ದಿನ ನಾನು ಆ ಬೆರಳುಗಳನ್ನು ನೋಡುತ್ತಿರುವುದು ಗೊತ್ತಾಗಿ, "ನೋವಿಲ್ಲ, ಬಣ್ಣ ಮಾತ್ರ" ಎಂದಳು. ನಾನು ಮೊಬೈಲು ತೆಗೆದೆ. ಆ ಬೆರಳು ಬಿಟ್ಟು ಬೇರೆ ಎಲ್ಲಾದರೂ ನೋಡಿದರೆ ಸಾಕಿತ್ತು. ನನ್ನ ದೋಸ್ತಿ ಹೇಳಿದ ಮದ್ದನ್ನು ನಾನು ಹೀಗೆ ಕುಡಿದೆ.

ಕಾರ್ಖಾನೆಯ ಹೆಂಗಸರಲ್ಲಿ ಒಂದು ಮಾತು ಹುಟ್ಟಿತು. "ಬೀಜದ ಕಲೆ ಕಾಂಬವ್ಳ್, ತನ್ನ್ ಕಣ್ಣ್ ಕಾಣ್ಕಣ್ಲ." ತನ್ನ ಕಣ್ಣನ್ನು ತಾನು ನೋಡಿಕೊಳ್ಳಲಿಲ್ಲ ಅಂತ, ಕೆಟ್ಟ ಮನಸ್ಸಿನಿಂದಲ್ಲ, ತಮಾಷೆಗೆ. ಅದು ಊರಿಗೂ ಬಂತು. ನನ್ನ ಹೆಂಡತಿ ಮಂಡಿನೋವಿಗೆ ಡಾಕ್ಟರ ಹತ್ತಿರ ಹೋಗಲು ಉದಾಸೀನ ಮಾಡಿದರೆ ಮಗಳು, "ಅಮ್ಮ, ಅತ್ತೆ ಮಾಡ್ದಾಂಗ್ ಮಾಡ್ಬ್ಯಾಡ" ಎನ್ನುತ್ತಿದ್ದಳು. ಅಕ್ಕ ಅಲ್ಲೇ ಇರುತ್ತಿದ್ದಳು. "ಹೌದ್ ಮಗಾ, ಅಮ್ಮಂಗ್ ಸಮಾ ಹೇಳ್" ಎಂದು ತಾನೂ ಸೇರಿಸುವಳು. ಜೀವಮಾನವಿಡೀ ಗ್ಯಾನ ಗ್ಯಾನ ಎಂದವಳು ಮನೆಯಲ್ಲಿ ಗ್ಯಾನ ಇಲ್ಲದವಳ ಉದಾಹರಣೆಯಾದಳು. ನಾನು ಅನ್ನ ಕಲಸುತ್ತ ಕೂತಿರುತ್ತಿದ್ದೆ.

ಒಂದು ಸಲವಾದರೂ ಅವಳು ನನ್ನ ಮೇಲೆ ಹಾಯಲಿಲ್ಲ. ಒಂದೇ ಒಂದು ಬದಲಾವಣೆ ಆಯಿತು. ಅದನ್ನು ನನ್ನ ಹೊರತು ಯಾರೂ ಗಮನಿಸಲಿಲ್ಲ. ಆಮೇಲೆ ಅವಳು ನನ್ನ ಹತ್ತಿರ ಏನನ್ನೂ ಕೇಳಲಿಲ್ಲ. ಉಪ್ಪು ತಾ ಎಂದೂ ಹೇಳಲಿಲ್ಲ. ಬೇಕಾದ್ದನ್ನು ಮಗಳ ಹತ್ತಿರ ಹೇಳಿಸುವಳು, ಇಲ್ಲವೇ ತಾನೇ ನಡೆದು ಹೋಗಿ ತರುವಳು. ಮಾತು ಬಿಟ್ಟಿರಲಿಲ್ಲ. ಸೆಖೆ ಎನ್ನುವಳು, ಮೀನು ಸಿಕ್ಕಿತಾ ಎನ್ನುವಳು. ನಾನು ಮಾತಾಡಿಸಿದರೆ ಮೊದಲಿನ ಹಾಗೆಯೇ ಕೈಯಲ್ಲಿದ್ದುದನ್ನು ಕೆಳಗಿಟ್ಟು, ಒಂದು ಕಣ್ಣಿನಿಂದ ಮುಖ ನೋಡಿ, "ಹೇಳ್" ಎನ್ನುವಳು. ಎಷ್ಟೋ ಸಲ ನಾನು ಹೇಳಬೇಕೆಂದೇ ಹೋಗಿ ನಿಂತಿದ್ದೆ. ಆ "ಹೇಳ್" ಕೇಳಿದೊಡನೆ, "ಎಂತ ಇಲ್ಲ, ಚಾ ಇತ್ತಾ?" ಎಂದು ಬರುತ್ತಿದ್ದೆ.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ, ಕಾರ್ಖಾನೆಯಲ್ಲಿ ಗೋಣಿ ಹೊಲಿಯುತ್ತಿದ್ದವಳು ಎದೆ ಹಿಡಿದುಕೊಂಡು ಕೂತಳಂತೆ. ನಾನು ಆಸ್ಪತ್ರೆ ತಲುಪುವಾಗ ಎಲ್ಲ ಮುಗಿದಿತ್ತು.

ಬೊಜ್ಜದ ದಿನ, ಉತ್ತರಕ್ರಿಯೆಯ ಊಟಕ್ಕೆ, ಕಾರ್ಖಾನೆಯ ಹೆಂಗಸರೆಲ್ಲ ಬಂದಿದ್ದರು. ಅಂಗಳದ ಚಪ್ಪರದಲ್ಲಿ ಸಾಲಾಗಿ ಕೂತಿದ್ದರು. ನಾನೂ ಮಗಳೂ ಬಡಿಸುತ್ತಿದ್ದೆವು. ಅವಳ ಜೊತೆ ಇಪ್ಪತ್ತು ವರ್ಷ ಮೇಜಿನಲ್ಲಿ ಕೂತಿದ್ದ ಒಬ್ಬ ಮುದುಕಿ ಕಣ್ಣೊರೆಸಿಕೊಂಡು, "ಅವ್ಳಂಥಾ ಹುಷಾರ್ ಹೆಂಗ್ಸ್ ಇನ್ನ್ ಬಪ್ಪುದಿಲ್ಲ ಮಾರ್ರೆ. ಒಂದ್ ಕಲೆ ಬಿಡ್ತಿರ್ಲಿಲ್ಲ" ಎಂದಳು. ಆಮೇಲೆ ರೂಢಿಯಂತೆ, "ತನ್ನ್ ಕಣ್ಣ್ ಒಂದ್ ಕಾಣ್ಕಣ್ಲ, ಅಷ್ಟೇ" ಎಂದಳು. ಸಾಲಿನಲ್ಲಿ ನಾಲ್ಕು ಜನ ಹೌದು ಹೌದು ಎಂದರು.

ಮಗಳು ಅನ್ನ ಬಡಿಸುತ್ತ, "ಹೌದ್ ಅಜ್ಜಿ. ಮನಿಯಗೆ ಇಷ್ಟ್ ಜನ ಇದ್ದಿತ್ತ್. ಅತ್ತೆ ಯಾರಿಗೂ ಒಂದ್ ಮಾತ್ ಹೇಳ್ಲ" ಎಂದಳು.

ಇವತ್ತು ಇವರು ಕೈ ತೊಳೆದು ಎದ್ದು ಹೋದರೆ, ಹೆಮ್ಮಾಡಿಯಿಂದ ಬೈಂದೂರಿನ ತನಕ ನನ್ನ ಅಕ್ಕ ಹೀಗೆಯೇ ಉಳಿಯುತ್ತಾಳೆ. ತನ್ನ ಕಣ್ಣನ್ನು ತಾನೇ ನೋಡಿಕೊಳ್ಳದ ಹೆಂಗಸಾಗಿ. ನನ್ನ ಮಗಳು ತನ್ನ ಮಕ್ಕಳಿಗೂ ಅದನ್ನೇ ಹೇಳುತ್ತಾಳೆ.

"ಹೇಳಿದ್ಲ್" ಎಂದೆ.

ಸ್ವರ ಜೋರಾಗಿಯೇ ಬಂದಿರಬೇಕು. ಮಗಳು ಸೌಟು ಹಿಡಿದು ತಿರುಗಿದಳು. "ಎಂತ ಅಪ್ಪಯ್ಯ?"

"ನಿನ್ನ್ ಅತ್ತೆ ಹೇಳಿದ್ಲ್ ಮಗಾ. ಸುರುವಾದ್ ದಿನವೇ ಹೇಳಿದ್ಲ್, ನನ್ ಹತ್ರ. ಡಾಕ್ಟ್ರ ಹತ್ರ ಕರ್ಕಂಡ್ ಹೋತ್ಯಾ ಅಂದೇಳಿ ಕೇಂಡಿದ್ಲ್. ನಾನ್ ಮೊಬೈಲ್ ಕಾಂತಾ ಹ್ಞೂಂ ಅಂದೆ. ಬೆಳಿಗ್ಗೆ ಸೀರಿ ಉಟ್ಕಂಡ್ ಕಾದ್ಲ್. ನಾನ್ ಗಾಡಿ ತಕಂಡ್ ಹೋದೆ."

ನನ್ನ ಹೆಂಡತಿ ಅಡುಗೆಯ ಒಲೆಯ ಹತ್ತಿರದಿಂದ ಬಂದು ಚಪ್ಪರದ ಕಂಬ ಹಿಡಿದು ನಿಂತಳು. ಆ ಮುದುಕಿ ನನ್ನನ್ನು ನೋಡಿದ ನೋಟ, ಹುಳ ಹಿಡಿದ ಬೀಜವನ್ನು ಬದಿಗೆ ತಳ್ಳುವ ನೋಟ. ಸರಿಯಾಗಿಯೇ ನೋಡಿದಳು. ಮಗಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಜಗಲಿಯ ಕಡೆಗೆ ತಿರುಗಿದೆ. ಅಲ್ಲಿ ಕುರ್ಚಿಯ ಮೇಲೆ ಅಕ್ಕನ ಫೋಟೋ ಇಟ್ಟಿದ್ದರು. ಎರಡೂ ಕಣ್ಣು ಸರಿಯಿದ್ದಾಗ ತೆಗೆದದ್ದು. ಅಷ್ಟೂ ಜನರಿಗೆ ಕೇಳುವ ಹಾಗೆ ಹೇಳಿದೆ:

"ಅಕ್ಕ, ನೀನ್ ಸಮಾ ಹೇಳಿದ್ದೆ. ನಾನ್ ಕೇಣ್ಲ. ಆಸ್ಪತ್ರಿಯಗೆ ತಪ್ಪೆಲ್ಲ ನೀ ನಿನ್ ಮೇಲ್ ಹಾಯ್ಕಂಡೆ, ನಾನ್ ಬಾಯಿ ಮುಚ್ಕಂಡ್ ನಿಂತೆ. ತಪ್ಪ್ ನಿಂದಲ್ಲ, ನಂದ್. ಮಾಪ್ ಮಾಡ್ ಅಕ್ಕ."